ಲೇಬಲ್ ಕೆರೆದ ಬಾಟಲಿ

ಬಾಟ್ಲಮ್ಮನ ಕಣ್ಣು ತಪ್ಪಿಸಿ ಆ ಬೀದಿಯಿಂದ ಒಂದು ಖಾಲಿ ಬಾಟಲಿಯೂ ಆಚೆ ಹೋಗುತ್ತಿರಲಿಲ್ಲ. ಮನೆಯ ಮುಂದೆ ತಗಡಿನ ಮಾಡು, ಅದರ ಕೆಳಗೆ ಎರಡು ಡ್ರಮ್ಮು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ತಿಳಿನೀರು. ಬೀದಿ ಬೀದಿ ಸುತ್ತಿ ತಂದ ಬಾಟಲಿಗಳನ್ನು ಮೊದಲನೆಯದರಲ್ಲಿ ನೆನೆಹಾಕಿ, ಲೇಬಲ್ ಸುಲಿದು, ಉದ್ದನೆಯ ಬ್ರಶ್ಶು ತೂರಿಸಿ ತಿರುವಿ, ಎರಡನೆಯದರಲ್ಲಿ ಅದ್ದಿ, ಬಿಸಿಲಿಗೆ ಬೋರಲು ಹಾಕುವುದು ಅವಳ ಕಸುಬು. ಫಿನಾಯಿಲ್ ತುಂಬುವವರು, ಎಣ್ಣೆ ತುಂಬುವವರು ಬಂದು ಕೊಂಡು ಹೋಗುತ್ತಿದ್ದರು. ಗಂಡ ಕಣ್ಣುಮುಚ್ಚಿದ ಮೇಲೆ ಒಬ್ಬನೇ ಮಗನನ್ನು ಸಾಕಿದ್ದು, ವೆಲ್ಡಿಂಗ್ ಕೆಲಸ ಕಲಿಸಿದ್ದು, ಮದುವೆ ಮಾಡಿದ್ದು ಎಲ್ಲ ಇದೇ ಬಾಟಲಿ ತೊಳೆದು.

ಬಾಟಲಿ ತೊಳೆಯುವವಳಿಗೆ ಬೀದಿಯ ಹೊಟ್ಟೆಯೊಳಗಿನದೆಲ್ಲ ಗೊತ್ತು. ಯಾವ ಮನೆಯ ಯಜಮಾನನಿಗೆ ಮಲಬದ್ಧತೆ, ಯಾರು ಕೆಮ್ಮಿಲ್ಲದಿದ್ದರೂ ಕೆಮ್ಮಿನ ಸಿರಪ್ಪು ಕುಡಿಯುತ್ತಾರೆ, ಕುಡಿತ ಬಿಟ್ಟೆ ಅಂತ ಆಣೆ ಹಾಕಿದವನು ನಿಜವಾಗಿ ಎಷ್ಟು ಬಿಟ್ಟಿದ್ದಾನೆ, ಎಲ್ಲ. "ಮನುಷ್ಯ ಸುಳ್ಳು ಹೇಳ್ತಾನೆ, ಬಾಟ್ಲಿ ಹೇಳಲ್ಲ" ಅನ್ನುವುದು ಅವಳ ಮಾತು. ಗೊತ್ತಾದದ್ದನ್ನು ನುಂಗಿಕೊಂಡು ಕೂರುವ ಜಾಯಮಾನವೂ ಅವಳದಲ್ಲ. ಎದುರು ಮನೆಯ ಟೈಲರನ ಕಿವಿಗೆ ಹಾಕಿದರೆ ಸಾಕು, ಉಳಿದದ್ದನ್ನು ಟೈಲರ್ ನೋಡಿಕೊಳ್ಳುತ್ತಿದ್ದ. ಜನ ಅವಳನ್ನು ಕಂಡರೆ ಬಾಯ್ತುಂಬ ನಗುತ್ತಿದ್ದರು, ಒಳಗೊಳಗೇ ಹೆದರುತ್ತಿದ್ದರು.

ಅಂಥವಳ ಮನೆಯಲ್ಲೇ ಒಂದು ಬಾಟಲಿ ಬಚ್ಚಿಟ್ಟುಕೊಂಡಿತ್ತು.

ಸೊಸೆ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಹೆಣ್ಣು ಮಗು, ಮೂಗು ಥೇಟ್ ಅಜ್ಜಿಯದು. ಹುಟ್ಟಿದಾಗಿನಿಂದಲೂ ಬಾಟ್ಲಮ್ಮನಿಗೆ ಮನೆಯಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು. ದಿನಾ ಬೆಳಿಗ್ಗೆ ಮಗನ ಮೊಬೈಲಿನ ಅಲಾರಂ ಒಂದೇ ಹೊತ್ತಿಗೆ ಬಡಿದುಕೊಳ್ಳುತ್ತಿತ್ತು. ಗಂಡಹೆಂಡತಿ ಇಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು, ಮಗುವನ್ನೆತ್ತಿಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಆಚೆ ಬರುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣದೆ?

ಇನ್ನೊಂದು ಸಂಗತಿ ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೊಮ್ಮಗಳ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ.

"ಈ ಸೆಕೆಗೆ ಕೂಸಿಗೆ ಗಂಟಲು ಒಣಗಲ್ವೇನೇ? ಒಂದು ಚಮಚ ನೀರು ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

"ಬೇಡ ಅತ್ತೆ. ಎದೆಹಾಲು ಬಿಟ್ಟು ಒಂದು ತೊಟ್ಟು ಬೇರೆ ಏನೂ ಬೇಡ." ಸೊಸೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಮೆತ್ತಗಿನ ಹುಡುಗಿ, ಎದುರು ಮಾತಾಡಿದವಳೇ ಅಲ್ಲ. ಇದೊಂದರಲ್ಲಿ ಮಾತ್ರ ಕಲ್ಲು.

"ನಿನ್ನ ಗಂಡನ್ನ ನಾನೇನು ಗಾಳಿ ಕುಡಿಸಿ ಬೆಳೆಸಿದ್ನಾ?" ಅಂತ ಗೊಣಗಿಕೊಂಡು ಬಾಟ್ಲಮ್ಮ ಡ್ರಮ್ಮಿನ ಹತ್ತಿರ ಹೋಗಿದ್ದಳು. ಆ ದಿನ ತೊಳೆದ ಬಾಟಲಿಗಳಲ್ಲಿ ಎರಡು ಒಡೆದವು.

ಒಂದು ಬೆಳಿಗ್ಗೆ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಸಂದಿಯಲ್ಲಿ ಕಣ್ಣಿಟ್ಟಳು. ಸೊಸೆ ಸೂಜಿಯಿಲ್ಲದ ಸಿರಿಂಜಿಗೆ ಸುಣ್ಣದ ನೀರಿನಂಥ ಬಿಳಿ ದ್ರವ ಎಳೆದುಕೊಂಡು ಮಗುವಿನ ಕೆನ್ನೆಯೊಳಗೆ ಬಿಡುತ್ತಿದ್ದಳು. ಮಗ ಪಕ್ಕದಲ್ಲಿ ನಿಂತು ಮಗುವಿನ ಕೈ ಹಿಡಿದುಕೊಂಡಿದ್ದ. ನೀರು ಬೇಡ ಅಂದವಳು ಇದನ್ನು ಹೇಗೆ ಕೊಡುತ್ತಾಳೆ?

ಸೊಸೆ ಸ್ನಾನಕ್ಕೆ ಹೋದದ್ದೇ ತಡ, ಬಾಟ್ಲಮ್ಮ ಕೋಣೆ ಹೊಕ್ಕಳು. ಮಡಿಸಿಟ್ಟ ಬಟ್ಟೆಗಳ ಹಿಂದೆ ಸಿಕ್ಕಿತು. ಲೇಬಲ್ ಇರಲಿಲ್ಲ. ನೆನೆಸಿ ಸುಲಿದದ್ದಕ್ಕೂ ಉಗುರಿನಲ್ಲಿ ಕೆರೆದದ್ದಕ್ಕೂ ವ್ಯತ್ಯಾಸ ತಿಳಿಯದಿದ್ದರೆ ಅವಳು ಬಾಟ್ಲಮ್ಮನೇ ಅಲ್ಲ. ಇದು ಕೆರೆದದ್ದು, ಅವಸರದಲ್ಲಿ, ಕದ್ದು. ಪಕ್ಕದಲ್ಲಿ ಮಾತ್ರೆಗಳ ಎರಡು ಡಬ್ಬಿ. ಅವಕ್ಕೂ ಲೇಬಲ್ ಇಲ್ಲ, ಅಲ್ಲಾಡಿಸಿದರೆ ಸದ್ದಾಗದಂತೆ ಒಳಗೆ ಹತ್ತಿ ತುರುಕಿತ್ತು.

ಇಂಥ ಕೆರೆದ ಬಾಟಲಿಗಳನ್ನು ಅವಳು ಹಿಂದೆ ನೋಡಿದ್ದಳು. ಆಚೆ ಬೀದಿಯಲ್ಲಿ ಒಬ್ಬಳು, ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಗಂಟುಮೂಟೆಗಳ ಹಾಗೆ ಮಲಗಿರುತ್ತಿದ್ದವು. ಎಂಥ ಪುಣ್ಯಾತ್ಗಿತ್ತಿ ಅಂತ ಎಲ್ಲರೂ ಹೊಗಳುತ್ತಿದ್ದರು. ಒಂದು ಮಗು ಸಂಜೆ ಎಬ್ಬಿಸಿದರೂ ಏಳದೆ ಹೋದಾಗಲೇ ಗೊತ್ತಾದದ್ದು, ಅವಳು ಕುಡಿಸುತ್ತಿದ್ದದ್ದು ನಿದ್ದೆಯ ಔಷಧಿ ಅಂತ. ಇಲ್ಲಿಯೂ ನೋಡಿ, ಮೊಮ್ಮಗಳು ಅತ್ತದ್ದೇ ಕಡಿಮೆ. ಹಾಲು ಕುಡಿಯುವುದು, ಮಲಗುವುದು. ಚಿನ್ನದಂಥ ಮಗು ಅಂತ ತಾನೇ ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದಳು.

ಕೇಳಲಿಲ್ಲ ಅಂತಲ್ಲ, ಕೇಳಿದಳು. ಅದೂ ಬೇರೆ ಬೇರೆಯಾಗಿ, ಪೊಲೀಸಿನವರ ಹಾಗೆ.

"ಮಗುಗೆ ಏನೋ ಕುಡಿಸ್ತೀಯಲ್ಲ, ಏನದು?"

ಸೊಸೆಯ ಮುಖ ಬಿಳಿಚಿಕೊಂಡಿತು. "ಅದಾ... ವಿಟಮಿನ್ ಅತ್ತೆ."

ಸಂಜೆ ಮಗ ಕೈಯ ಮಸಿ ತೊಳೆಯುತ್ತಿದ್ದಾಗ ಅದೇ ಪ್ರಶ್ನೆ. "ಹೊಟ್ಟೆನೋವಿಗೆ ಡಾಕ್ಟ್ರು ಕೊಟ್ಟಿದ್ದು ಕಣಮ್ಮ" ಅಂದ, ಮುಖ ಎತ್ತಲಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ಬಾಟಲಿಗೆ ಎರಡು ಹೆಸರು ಬಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಸೊಸೆ ರಾತ್ರಿ ನಿದ್ದೆಗೆಡಲಾರದೆ ಮಗುವಿಗೆ ಮತ್ತು ಬರಿಸುತ್ತಿದ್ದಾಳೆ, ಹೆಂಡತಿಯ ಸೆರಗು ಹಿಡಿದ ಮಗ ಹೂಂ ಅನ್ನುತ್ತಿದ್ದಾನೆ. ಜಗಳ ತೆಗೆದರೆ ಬೇರೆ ಮನೆ ಮಾಡುತ್ತಾರೆ, ಆಮೇಲೆ ಮಗುವನ್ನು ಕಾಯುವವರು ಯಾರು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಾಟ್ಲಮ್ಮ ಎರಡು ದಿನ ಯೋಚನೆ ಮಾಡಿದಳು. ಮೂರನೆಯ ದಿನ, ಅದು ಭಾನುವಾರ, ಸೊಸೆ ಸ್ನಾನಕ್ಕೆ ಹೋದಾಗ ಬಾಟಲಿಯಲ್ಲಿದ್ದದ್ದನ್ನೆಲ್ಲ ಮೋರಿಗೆ ಸುರಿದು, ತೊಳೆದು, ಅಷ್ಟೇ ಎತ್ತರಕ್ಕೆ ಗಂಜಿಯ ತಿಳಿ ತುಂಬಿದಳು. ಬಣ್ಣ ಅದೇ, ಅಷ್ಟೇ ಮಂದ. ಇಡೀ ಆಯುಷ್ಯ ಬಾಟಲಿ ತೊಳೆದವಳ ಕೈ, ಮುಚ್ಚಳ ಎಷ್ಟು ತಿರುಗಿತ್ತೋ ಅಷ್ಟೇ ತಿರುಗಿಸಿ, ಬಟ್ಟೆಯ ಹಿಂದೆ ಇದ್ದ ಹಾಗೆ ಇಟ್ಟಿತು.

ಮಗುವಿನ ಹೊಟ್ಟೆಗೆ ಒಂದಿಷ್ಟು ಶಕ್ತಿಯೂ ಹೋದಂತಾಯಿತು ಅಂತ ಅವಳಿಗೆ ಸಮಾಧಾನ. ಗಂಜಿ ಹಳಸಬಾರದಲ್ಲ, ದಿನಾ ಸೊಸೆಯ ಸ್ನಾನದ ಹೊತ್ತಿಗೆ ಹಳೆಯದನ್ನು ಚೆಲ್ಲಿ ಹೊಸದು ತುಂಬುತ್ತಿದ್ದಳು.

ಸೋಮವಾರದಿಂದಲೇ ಮಗು ಕಾಲು ಮಡಚಿಕೊಂಡು ಚೀರಿ ಚೀರಿ ಅಳತೊಡಗಿತು. ಅಜ್ಜಿಗೆ ಒಳಗೊಳಗೇ ಗೆದ್ದ ಹಿಗ್ಗು. ನೋಡಿದ್ರಾ, ಮತ್ತು ಇಳೀತು, ಕೂಸಿಗೆ ಎಚ್ಚರ ಬಂತು! ಸೊಸೆ ಕಂಗಾಲಾಗಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದರೆ ಬಾಟ್ಲಮ್ಮ, "ಮಕ್ಕಳು ಅಂದ್ಮೇಲೆ ಅಳ್ತವೆ ಕಣಮ್ಮ. ಅಳದೇ ಇದ್ರೆ ಹೆದರಬೇಕು" ಅಂತ ಕುಟುಕಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಸ್ಥಿತಿ. ಗಂಜಿಗೆ ಹೊಟ್ಟೆ ನುಲಿದು ಅತ್ತ ಅಳುವೇ ಅವಳ ಪಾಲಿಗೆ ರುಜುವಾತಾಯಿತು.

ಬುಧವಾರ ಬೆಳಿಗ್ಗೆ ಒಂದು ಹೋಟೆಲಿನವರು ಗಾಡಿ ತುಂಬ ಖಾಲಿ ಬಾಟಲಿ ತಂದು ಸುರಿದರು. ಅವನ್ನು ಬೇರೆ ಬೇರೆ ಮಾಡುವುದರಲ್ಲಿ ಸೊಸೆಯ ಸ್ನಾನದ ಹೊತ್ತು ಕೈತಪ್ಪಿತು. ಸೆಕೆಯ ದಿನ ಬೇರೆ. ಗುರುವಾರ ಬೆಳಿಗ್ಗೆ ಮಗ ಬೇಗ ಕೆಲಸಕ್ಕೆ ಹೋಗಿದ್ದ. ಸೊಸೆ ಒಬ್ಬಳೇ ಕೋಣೆಗೆ ಹೋದಳು, ಹೋದಷ್ಟೇ ಬೇಗ ಹೊರಗೆ ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಾಟಲಿ. ಮುಚ್ಚಳ ತೆಗೆದ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಅತ್ತೆಯನ್ನು ನೋಡಿದಳು. ಬೈಯಲಿಲ್ಲ, ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಟ್ಲಮ್ಮ ತಲೆ ತಗ್ಗಿಸಿ ಬಾಟಲಿ ಉಜ್ಜತೊಡಗಿದಳು. ಆದರೆ ಅನುಮಾನದ ಬುದ್ಧಿ ನೋಡಿ, ಮರುಗಳಿಗೆಗೇ ಎದ್ದು ಕೂತಿತು. ಔಷಧಿ ಕೊಟ್ಟವನ ಹತ್ತಿರವೇ ಹೋಗುತ್ತಿದ್ದಾಳೆ, ಇವತ್ತು ಕೈಯಾರೆ ಹಿಡಿಯಬೇಕು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಿಂದೆಯೇ ಹೊರಟಳು.

ಸೊಸೆ ಹೋದದ್ದು ದೊಡ್ಡಾಸ್ಪತ್ರೆಗೆ. ಮುಂಬಾಗಿಲಿನಿಂದಲ್ಲ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಗೇಟಿನಿಂದ. ಹಿಂಬದಿಯ ಉದ್ದ ಪಡಸಾಲೆಯ ಕೊನೆಯಲ್ಲಿ ಒಂದು ಕೋಣೆ, ಬಾಗಿಲಿಗೆ ಹಸಿರು ಪರದೆ, ಮೇಲೆ ಬರೀ ನಂಬರು. ಹೊರಗೆ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡದೆ ತಂತಮ್ಮ ಪಾದ ನೋಡಿಕೊಂಡಿದ್ದರು. ಏನೋ ಗುಟ್ಟಿನ ವ್ಯಾಪಾರ ನಡೀತಿದೆ ಅಂತ ಬಾಟ್ಲಮ್ಮ ಕಂಬದ ಮರೆಗೆ ನಿಂತಳು. ಅಷ್ಟರಲ್ಲಿ, ಸೊಸೆ ಫೋನ್ ಮಾಡಿ ಕರೆಸಿದ್ದಳೇನೋ, ಮಗ ಓಡಿ ಬಂದ, ಮೈಯೆಲ್ಲ ಕಬ್ಬಿಣದ ಮಸಿ, ಕೈಗವಸು ಕೂಡ ಬಿಚ್ಚಿರಲಿಲ್ಲ. ಅತ್ತ ಇತ್ತ ನೋಡದೆ ಪರದೆ ಸರಿಸಿಕೊಂಡು ಒಳಗೆ ಹೋದ. ಅವಳು ಮೆಲ್ಲಗೆ ಪರದೆಯ ಪಕ್ಕಕ್ಕೆ ಬಂದು ಕಿವಿಗೊಟ್ಟಳು.

"ಇದು ಔಷಧಿನೇ ಅಲ್ವಲ್ಲಮ್ಮ. ಹುಳಿ ವಾಸನೆ ಹೊಡೀತಿದೆ. ಏನಿದು?" ನರ್ಸಿನ ದನಿ.

ಸೊಸೆ, "ಚೆಲ್ಲಿಹೋಯ್ತು ಸಿಸ್ಟರ್. ಭಯ ಆಗಿ ನಾನೇ ಗಂಜಿ ನೀರು ತುಂಬಿಟ್ಟೆ" ಅಂದಳು.

ಪರದೆಯಾಚೆ ಬಾಟ್ಲಮ್ಮ ಇನ್ನೂ ಹತ್ತಿರ ಸರಿದಳು. ಗಂಜಿ ಅಂತ ಗೊತ್ತಾಗಿದೆ, ಯಾರ ಕೆಲಸ ಅಂತಲೂ ಗೊತ್ತಾಗಿದೆ. ಆದರೂ ತನ್ನ ತಲೆಯ ಮೇಲೆ ಯಾಕೆ ಹಾಕಿಕೊಂಡಳು?

"ನೀವೇನು ಚಿಕ್ಕ ಹುಡುಗೀನಾ?" ನರ್ಸಿನ ದನಿ ಏರಿತು. "ಬಸುರಿಯಾದಾಗಿಂದ ಒಂದು ಮಾತ್ರೆ ತಪ್ಪಿಸಿಲ್ಲ ನೀವು. ಮಗುಗೆ ಎಚ್‌ಐವಿ ಹತ್ತಬಾರದು ಅಂತ ತಾನೇ ಇಷ್ಟೆಲ್ಲ ಒದ್ದಾಡಿದ್ದು? ಈಗ ಬಂದು ಚೆಲ್ಲಿಹೋಯ್ತು ಅಂತೀರಾ? ಮಗುಗೆ ಔಷಧಿ ನಿಂತು ಎಷ್ಟು ದಿನ ಆಯ್ತು? ಸರಿಯಾಗಿ ಹೇಳಿ. ಮುಂದೆ ಏನು ಮಾಡಬೇಕು ಅನ್ನೋದು ಅದರ ಮೇಲಿದೆ."

"ಒಂದು ದಿನ... ಇವತ್ತೊಂದೇ ದಿನ ಸಿಸ್ಟರ್."

ಎಚ್‌ಐವಿ. ನಿದ್ದೆಯ ಔಷಧಿಯಲ್ಲ. ಮತ್ತಲ್ಲ. ಮೊಮ್ಮಗಳನ್ನು ಕಾಯುತ್ತಿದ್ದ ಔಷಧಿಯನ್ನು ತಾನು ಮೋರಿಗೆ ಸುರಿದಿದ್ದಳು, ಮಗು ಚೀರಿ ಅತ್ತಾಗ ಹಿಗ್ಗಿದ್ದಳು.

ಅವಳು ಬಂದದ್ದನ್ನು ಯಾರೂ ನೋಡಿರಲಿಲ್ಲ. ಬಂದ ಹಾಗೆಯೇ ಹೋಗಿ ಡ್ರಮ್ಮಿನ ಮುಂದೆ ಕೂತಿದ್ದರೆ ಅವಳನ್ನು ಕೇಳುವವರಿರಲಿಲ್ಲ. ಸೊಸೆ ಆಗಲೇ ತಪ್ಪು ಹೊತ್ತುಕೊಂಡಾಗಿತ್ತು. ಬಾಟ್ಲಮ್ಮನ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಗಿದ್ದೂ ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ದಿನ ಅಂದಳಲ್ಲ ಹುಡುಗಿ. ಅವಳಿಗೆ ತಿಳಿದದ್ದು ಅಷ್ಟೇ. ಭಾನುವಾರದ ವಿಷಯ ಈ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಬಾಟ್ಲಮ್ಮ ಪರದೆ ಸರಿಸಿದಳು.

"ಒಂದು ದಿನ ಅಲ್ಲ" ಅಂದಳು. ದನಿ ಅವಳದೇ ಅನಿಸಲಿಲ್ಲ. "ಭಾನುವಾರದಿಂದ. ಔಷಧಿ ಚೆಲ್ಲಿ ಗಂಜಿ ತುಂಬಿದ್ದು ನಾನು. ದಿನಾ ತುಂಬಿದೀನಿ. ಇವಳಿಗೇನೂ ಗೊತ್ತಿಲ್ಲ."

ಮಗ ತಿರುಗಿ ನೋಡಿದ. ಹೊಡೆದರೂ ಅಷ್ಟು ನೋಯುತ್ತಿರಲಿಲ್ಲ, ಹಾಗಿತ್ತು ಆ ನೋಟ. ಸೊಸೆ ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆಗೆ ಸರಿದಳು.

"ಇವರು ಯಾರು?" ನರ್ಸ್ ಕೇಳಿದಳು.

"ನಮ್ಮಮ್ಮ" ಅಂದ ಮಗ, ಯಾರೋ ಸತ್ತ ಸುದ್ದಿ ಹೇಳುವವನ ಹಾಗೆ.

ನರ್ಸ್ ಗಂಡಹೆಂಡತಿಯ ಮುಖ ನೋಡಿದಳು. ಇಬ್ಬರೂ ತಲೆಯಾಡಿಸಿದ ಮೇಲೆಯೇ ಬಾಟ್ಲಮ್ಮನಿಗೆ ಸ್ಟೂಲು ಎಳೆದುಕೊಟ್ಟು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ತಾಯಿ ದಿನಾ ಮಾತ್ರೆ ನುಂಗಿದರೆ ಅವಳ ರಕ್ತದಲ್ಲಿ ವೈರಸ್ಸು ತಲೆ ಎತ್ತುವುದಿಲ್ಲ. ಹುಟ್ಟಿದ ಮಗುವಿಗೆ ದಿನಾ ಆ ಬಿಳಿ ಔಷಧಿ ಕಾವಲು. ಮೊದಲ ಆರು ತಿಂಗಳು ಎದೆಹಾಲೊಂದೇ, ಬೇರೆ ಏನಾದರೂ ಬೆರೆತರೆ ಎಳೆಗರುಳು ಕೆಟ್ಟು ರೋಗಕ್ಕೆ ದಾರಿಯಾಗಬಹುದು. "ಇದನ್ನೆಲ್ಲ ಪಾಲಿಸಿದ್ರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಕ್ಕಳು ಪಾರಾಗ್ತಾರೆ ಅಜ್ಜಿ. ನಿಮ್ಮ ಸೊಸೆ ಚಾಚೂ ತಪ್ಪದೆ ಪಾಲಿಸ್ತಿದ್ರು."

"ಈಗ?"

"ಈಗ ಇವತ್ತಿಂದಲೇ ಮತ್ತೆ ಶುರು ಮಾಡ್ತೀವಿ. ಆರು ವಾರ ತುಂಬಿದಾಗ ರಕ್ತ ಪರೀಕ್ಷೆ. ತಾಯಿ ಮಾತ್ರೆ ಬಿಟ್ಟಿಲ್ಲ, ಅದೇ ದೊಡ್ಡ ಧೈರ್ಯ. ನೀವು ನಿಜ ಹೇಳಿದ್ದು ಒಳ್ಳೇದಾಯ್ತು."

ಒಳ್ಳೇದು ಅನ್ನುವ ಮಾತು ಬಾಟ್ಲಮ್ಮನಿಗೆ ಕೆಂಡದಂತೆ ತಾಕಿತು. ಆದರೂ ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು. ಪಡಸಾಲೆಗೆ ಬಂದದ್ದೇ ಮಗನ ತೋಳು ಹಿಡಿದು, "ಇದು ಯಾರಿಂದ ಯಾರಿಗೆ ಬಂತೋ?" ಅಂತ ಪಿಸುಗುಟ್ಟಿದಳು.

ಮಗ ಅವಳ ಕೈ ಬಿಡಿಸಿಕೊಂಡ. "ಗೊತ್ತಿಲ್ಲಮ್ಮ. ನಾವಿಬ್ರೂ ಅದನ್ನ ಕೇಳೋದು ಬಿಟ್ಟು ಎಷ್ಟೋ ಕಾಲ ಆಯ್ತು. ನೀನು ಹೊಸದಾಗಿ ಶುರು ಮಾಡಬೇಡ."

"ನಂಗೊಂದು ಮಾತು ಹೇಳಬಾರದಿತ್ತೇನೋ? ನಾನೇನು ಹೊರಗಿನವಳಾ?"

"ಹಿಂದಿನ ಸಾಲಿನ ಬಡಗಿ ಈ ಕಾಯಿಲೇಲಿ ಸತ್ತಾಗ ಅವನ ಹೆಂಡ್ತಿ ಬಾಟ್ಲಿ ತಂದುಕೊಟ್ಲು. ನೀನು ಕೈಯಲ್ಲಿ ಮುಟ್ಟದೆ, ಕೋಲಲ್ಲಿ ಮೋರಿ ಹತ್ರ ತಳ್ಳಿ, ಕಲ್ಲು ಎತ್ತಿಹಾಕಿ ಒಡೆದೆ. ಬೀದಿಗೆಲ್ಲ ಕೂಗಿ ಹೇಳ್ದೆ. ಆಯಮ್ಮ ಮನೆ ಖಾಲಿ ಮಾಡ್ಕೊಂಡು ಹೋದ್ಲು. ನಾನು ಅಲ್ಲೇ ನಿಂತಿದ್ದೆ ಅಮ್ಮ." ಅವನು ಕೈಗವಸು ಕಿತ್ತು ಜೇಬಿಗೆ ತುರುಕಿದ. "ಇವಳ ರಿಪೋರ್ಟ್ ಬಂದ ದಿನ ನಂಗೆ ಮೊದಲು ನೆನಪಾಗಿದ್ದು ಆ ಕಲ್ಲು."

ಬಾಟ್ಲಮ್ಮ ಅದನ್ನು ಮರೆತೇ ಬಿಟ್ಟಿದ್ದಳು. ಮಾಡಿದವರಿಗೆ ಮರೆಯುತ್ತದೆ, ನೋಡಿದವರಿಗೆ ಮರೆಯುವುದಿಲ್ಲ. ಮನೆಯವರೆಗೂ ಮಗ ಸೊಸೆಯರಿಂದ ಸ್ವಲ್ಪ ಹಿಂದೆ ಒಬ್ಬಳೇ ನಡೆದಳು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಸೊಸೆ ಊಟಕ್ಕೆ ಬಡಿಸುತ್ತಿದ್ದಳು, ಕರೆದರೆ ಓಗೊಡುತ್ತಿದ್ದಳು. ಆದರೆ ಮಗುವನ್ನು ಅತ್ತೆಯ ಹತ್ತಿರ ಒಂದು ಕ್ಷಣವೂ ಬಿಡುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಮಗು ಬಚ್ಚಲ ಬಾಗಿಲಲ್ಲಿ ಬುಟ್ಟಿಯಲ್ಲಿ ಮಲಗಿರುತ್ತಿತ್ತು, ಬಾಟಲಿ ಆ ಬುಟ್ಟಿಯಲ್ಲೇ ಇರುತ್ತಿತ್ತು. ತನ್ನ ಮನೆಯಲ್ಲಿ ತಾನೇ ಕಳ್ಳಿ. ಸಿಟ್ಟು ಬರುತ್ತಿತ್ತು, ಮರುಕ್ಷಣ ಆ ಸಿಟ್ಟಿಗೆ ನಾಚಿಕೆಯಾಗುತ್ತಿತ್ತು. ಎದುರು ಮನೆಯ ಟೈಲರ್ ಮಾತ್ರ ಬಿಡಲಿಲ್ಲ.

"ಏನು ಬಾಟ್ಲಮ್ಮ, ಮನೆಯೋರೆಲ್ಲ ಆಸ್ಪತ್ರೆಗೆ ಓಡಾಡ್ತಿದೀರಂತೆ?"

"ನಿನ್ನ ಸೂಜಿ ಕಣ್ಣು ನೋಡ್ಕೋ, ನಮ್ಮನೆ ಬಾಗಿಲು ನೋಡಬೇಡ" ಅಂದಳು ಬಾಟ್ಲಮ್ಮ. ಅವಳ ಬಾಯಿಂದ ಸುದ್ದಿ ಸಿಗದೆ ಅವನು ವಾಪಸು ಹೋದದ್ದು ಅದೇ ಮೊದಲು.

ಆರು ವಾರಕ್ಕೆ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದರು. ಫಲಿತಾಂಶ ಬರುವವರೆಗೆ ಬಾಟ್ಲಮ್ಮ ಬಾಟಲಿ ತೊಳೆಯಲಿಲ್ಲ, ಡ್ರಮ್ಮಿನ ನೀರು ಪಾಚಿಗಟ್ಟಿತು. ಕರೆ ಬಂದ ದಿನ ಮೂವರೂ ಹೋದರು. ಅವಳು ಪರದೆಯ ಹೊರಗೇ ಬೆಂಚಿನ ಮೇಲೆ ಕೂತು, ಎಲ್ಲರ ಹಾಗೆ ತನ್ನ ಪಾದ ನೋಡಿಕೊಂಡಳು.

ಒಳಗೆ ಸೊಸೆ ಜೋರಾಗಿ ಅತ್ತದ್ದು ಕೇಳಿಸಿತು. ಮಗ ಪರದೆ ಸರಿಸಿ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಇಲ್ಲಮ್ಮ. ಮಗುಗೆ ಇಲ್ಲ." ಅವಳು ಅಲ್ಲೇ, ಅಷ್ಟು ಜನರ ನಡುವೆ, ಮಸಿ ಮೆತ್ತಿದ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಗೊಳೋ ಎಂದು ಅತ್ತಳು.

ಇಷ್ಟಕ್ಕೇ ಮುಗಿಯಲಿಲ್ಲ ಅಂತ ನರ್ಸ್ ಎಚ್ಚರಿಸಿದ್ದಳು. ಎದೆಹಾಲು ಬಿಡಿಸುವವರೆಗೆ ಆಗಾಗ ಪರೀಕ್ಷೆ ಆಗಬೇಕು, ನಡುವೆ ಔಷಧಿ ತಪ್ಪಿದ್ದಕ್ಕೆ ಬಿಳಿ ಔಷಧಿ ಇನ್ನೂ ಆರು ವಾರ ಮುಂದುವರಿಯಬೇಕು. ಹೊಸ ಬಾಟಲಿ ಕೊಟ್ಟು ಕಳಿಸಿದ್ದಳು.

ಮಾರನೆಯ ಬೆಳಿಗ್ಗೆ ಮೊಬೈಲು ಬಡಿದುಕೊಂಡಿತು. ಸೊಸೆ ಕೋಣೆಗೆ ಹೋಗಲಿಲ್ಲ. ನಡುಮನೆಯಲ್ಲೇ ಚಾಪೆಯ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಬಾಟ್ಲಮ್ಮ ಎದುರಿಗೆ ಕೂತಿದ್ದಳು, ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಇತ್ತು. ಮಗು ಉಳಿಯಿತು, ಸೊಸೆ ಎದುರಿಗೇ ಕೂತಳು, ಎಲ್ಲ ಸರಿಹೋಯಿತು ಅಂದುಕೊಂಡಳು.

ಸೊಸೆ ಬಾಟಲಿಯ ಮುಚ್ಚಳ ತೆಗೆದಳು. ಸಿರಿಂಜು ಕೈಗೆತ್ತಿಕೊಳ್ಳುವ ಮೊದಲು ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಬೆರಳಿಗೆ ಒಂದು ಹನಿ ಹಾಕಿಕೊಂಡು ನಾಲಿಗೆಗೆ ತಾಕಿಸಿ ನೋಡಿದಳು. ಆಮೇಲೆ ತಲೆ ಎತ್ತಿದವಳಿಗೆ ಅತ್ತೆಯ ಮುಖ ಕಂಡಿತು.

"ತಪ್ಪು ತಿಳ್ಕೋಬೇಡಿ ಅತ್ತೆ..."

ಬಾಟ್ಲಮ್ಮನ ನಗು ಇಂಗಿಹೋಗಿತ್ತು. ಮಗುವಿನ ಕಾಲು ಒದೆಯುತ್ತಿತ್ತು, ಅದನ್ನು ಹಿಡಿದುಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ತಪ್ಪೇನು ಬಂತು ಮಗಳೇ" ಅಂದಳು. "ನಾಳೆನೂ ಮೂಸು."